ತಾತನ ಟೆಲಿಫೋನ್ ಕಪ್

ಮೇಜಿನ ಮೇಲೆ ಕಪ್ ಇರಲಿಲ್ಲ.

ಅದರ ಮುಂದೆ ಅಂಟಿಸಿದ್ದ ಚೀಟಿ ಮಾತ್ರ ಇತ್ತು. ‘ನಮ್ಮ ತಾತ ದೊಡ್ಡಹನುಮಯ್ಯನವರಿಗೆ ಸರ್ಕಾರದಿಂದ ಬಂದ ಬಹುಮಾನ. ತಂದವರು: ಬಿ. ರಾಧಾಮಣಿ, ಐದನೇ ತರಗತಿ.’ ಕೆಂಪು ಸ್ಕೆಚ್ ಪೆನ್ನಿನಲ್ಲಿ ರಾಧಾಮಣಿಯೇ ಬರೆದದ್ದು. ಚೀಟಿ ಇದ್ದಲ್ಲೇ ಇದೆ, ಕಪ್ ಎಲ್ಲಿ?

ಮಣಿ ಮೇಜಿನ ಕೆಳಗೆ ಬಗ್ಗಿ ನೋಡಿದಳು. ಕಿಟಕಿಯ ಕಟ್ಟೆ ಮೇಲೆ ನೋಡಿದಳು. ಮುತ್ತುರಾಜು ತಂದಿದ್ದ ಹಳೇ ಬಟನ್ ಮೊಬೈಲು ಅಲ್ಲೇ ಇತ್ತು. ಯಾರದೋ ಮನೆಯ ರೇಡಿಯೋ, ಬಣ್ಣ ಮಾಸಿದ ಪೋಸ್ಟ್ ಕಾರ್ಡು, ಡಯಲ್ ತಿರುಗಿಸುವ ಫೋನು, ಎಲ್ಲವೂ ಇದ್ದವು. ಇವಳ ಕಪ್ ಮಾತ್ರ ಇಲ್ಲ. ಎದೆ ಧಸಕ್ಕೆಂದಿತು.

ಒಂದು ಕಪ್ಪಿಗೆ ಇಷ್ಟು ಹೆದರಬೇಕಾ ಅಂತ ನೀವು ಕೇಳಬಹುದು. ಕೇಳಿ, ತಪ್ಪಿಲ್ಲ. ಆದರೆ ನಿಮಗೆ ಮಣಿಯ ಅಜ್ಜಿ ಗೊತ್ತಿಲ್ಲ.

ಅದು ಬಿಳೀ ಪಿಂಗಾಣಿ ಕಪ್. ಅದರ ಮೇಲೆ ಕರೀ ಬಣ್ಣದ ಫೋನಿನ ಚಿತ್ರ, ಕೆಳಗೆ ನೀಲಿ ಅಕ್ಷರದಲ್ಲಿ ‘ದೂರವಾಣಿ ಬಂತು, ದೂರ ಹೋಯಿತು’ ಎಂಬ ಸಾಲು. ಊರಿಗೆ ಮೊದಲ ಸಲ ಟೆಲಿಫೋನ್ ಎಕ್ಸ್‌ಚೇಂಜ್ ಬಂದಾಗ, ಆ ಖುಷಿಗೆ ಅಂತ ಮಾಡಿಸಿದ ಕಪ್‌ಗಳಲ್ಲಿ ಅದೂ ಒಂದು. ಆಗ ಯಾರ ಜೇಬಿನಲ್ಲೂ ಮೊಬೈಲ್ ಇರಲಿಲ್ಲ. ಫೋನ್ ಮಾಡಬೇಕಾದರೆ ಬಸ್ ಹತ್ತಿ ಕೊರಟಗೆರೆಗೆ ಹೋಗಿ ಕಾಯಬೇಕಿತ್ತು. ಬಂಡೆ ತುಂಬಿದ ಈ ನೆಲದಲ್ಲಿ ಫೋನಿನ ಕಂಬಗಳಿಗೆ ಗುಂಡಿ ತೋಡಿದವರಲ್ಲಿ ಮಣಿಯ ತಾತನೂ ಒಬ್ಬರು.

ತಾತನನ್ನು ಮಣಿ ನೋಡಿಲ್ಲ. ಕಪ್ಪನ್ನು ಮಾತ್ರ ಹುಟ್ಟಿದಾಗಿನಿಂದ ನೋಡಿದ್ದಾಳೆ. ನಡುಮನೆಯ ಗೂಡಿನಲ್ಲಿ, ಬುದ್ಧನ ಫೋಟೋದ ಪಕ್ಕ, ಅದೊಂದೇ ಕೂತಿರುತ್ತದೆ. ಅದರಲ್ಲಿ ಯಾರೂ ಏನೂ ಕುಡಿಯುವಂತಿಲ್ಲ. ಯಾರೂ ಮುಟ್ಟುವಂತೆಯೂ ಇಲ್ಲ. ಪ್ರತಿ ಭಾನುವಾರ ಅಜ್ಜಿ ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಅಲ್ಲೇ ಇಡುತ್ತಾಳೆ. ಒಂದು ಸಲ ಮನೆಗೆ ನೆಂಟರು ಬಂದು ಲೋಟ ಸಾಲದೆ ಅಮ್ಮ ಆ ಕಪ್ಪಿಗೆ ಕಾಫಿ ಸುರಿಯಲು ಹೋಗಿದ್ದಳು. ಅಜ್ಜಿ ಓಡಿಬಂದು ಕೈಯಿಂದ ಕಿತ್ತುಕೊಂಡಳು. ಬಿಸಿ ಕಾಫಿ ನೆಲದ ಮೇಲೆಲ್ಲ ಚೆಲ್ಲಿತು.

ಅಜ್ಜಿಯ ಹೆಸರು ಚಿಕ್ಕಹನುಮಕ್ಕ. ಅವಳು ಹೊಡೆಯುವವಳಲ್ಲ, ಕೂಗಾಡುವವಳೂ ಅಲ್ಲ. ಮಾತು ಬಿಟ್ಟುಬಿಡುತ್ತಾಳೆ. ಅವತ್ತು ಕಾಫಿ ಚೆಲ್ಲಿದ ಮೇಲೆ ಬಾಯಿಗೆ ಬೀಗ ಹಾಕಿಕೊಂಡು ಕೂತವಳು, ನೆಂಟರು ಹೊರಟಾಗಲೂ ಹೋಗಿಬನ್ನಿ ಅನ್ನಲಿಲ್ಲ. ಮಣಿಗೆ ಅಮ್ಮನ ಏಟಾದರೂ ಬೇಕು, ಅಜ್ಜಿಯ ಆ ಮೌನ ಬೇಡವೇ ಬೇಡ.

ಇಷ್ಟೆಲ್ಲ ಗೊತ್ತಿದ್ದೂ ಮಣಿ ಕಪ್ಪನ್ನು ಕದ್ದು ತಂದಿದ್ದಳು. ಹೌದು, ಕದ್ದೇ. ಶಾಲೆಯಲ್ಲಿ ‘ಸಂಪರ್ಕ ಸಾಧನಗಳು: ಅಂದು ಇಂದು’ ಅಂತ ಪ್ರದರ್ಶನ. ಎಲ್ಲರೂ ಮನೆಯಿಂದ ಏನಾದರೂ ಹಳೆಯದು ತರಬೇಕು. ಮಣಿ ಕೇಳಿದಾಗ ಅಜ್ಜಿ ಮೊರದಿಂದ ತಲೆ ಎತ್ತದೆ “ಅದುನ್ನ ಮುಟ್ಬ್ಯಾಡ” ಅಂದಿದ್ದಳು. ಮುತ್ತುರಾಜು ಮೊಬೈಲ್ ಹಿಡಿದು ಇಡೀ ವಾರ ಜಂಬ ಹೊಡೆದಿದ್ದ. ಶನಿವಾರ ಬೆಳಿಗ್ಗೆ ಅಜ್ಜಿ ಹಿತ್ತಲಿಗೆ ಹೋದಾಗ ಮಣಿ ಕಪ್ಪನ್ನು ತನ್ನ ಹಳೇ ಲಂಗದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡಳು. ಖಾಲಿ ಜಾಗ ಕಾಣದಿರಲಿ ಅಂತ ಬುದ್ಧನ ಫೋಟೋವನ್ನು ಅದರ ಮುಂದಕ್ಕೆ ಜರುಗಿಸಿದಳು.

ಮನೆಯಲ್ಲಿ ಕೇಳಿಕೊಂಡು ತಂದೆಯಾ ಅಂತ ಶಿವಲಕ್ಷ್ಮಿ ಮಿಸ್ ಕೇಳಿದರು. ಮಣಿ ಹೂಂ ಅಂತ ತಲೆ ಆಡಿಸಿದಳು.

ಕೊರಟಗೆರೆಯಿಂದ ಬಂದ ಶಿಕ್ಷಣ ಇಲಾಖೆಯ ಸಾಹೇಬರು ಒಂದೊಂದೇ ವಸ್ತು ನೋಡುತ್ತಾ ಬಂದು, ಮಣಿಯ ಚೀಟಿಯನ್ನು ಜೋರಾಗಿ ಓದಿ, ನಿಮ್ಮ ಮನೆ ಎಲ್ಲಿ ಅಂತ ಕೇಳಿದ್ದರು. ಮಣಿ ತನ್ನ ಕೇರಿಯ ಹೆಸರು ಹೇಳಿದಳು. ವೆರಿ ಗುಡ್ ಅಂದರು. ಮಣಿ ಹಿಗ್ಗಿ ಹೀರೇಕಾಯಿ ಆಗಿದ್ದಳು. ಆಮೇಲೆ ಪ್ರಶ್ನೋತ್ತರಕ್ಕೆ ಅಂತ ಮಕ್ಕಳನ್ನೆಲ್ಲ ಹೊರಗೆ ಕರೆದರು. ಮುಗಿಸಿ ಒಳಗೆ ಬಂದು ನೋಡಿದರೆ, ಈ ಗತಿ.

“ಏನ್ ಹುಡುಕ್ತಿದೀಯೆ?” ಮುತ್ತುರಾಜು ಬಾಗಿಲಲ್ಲಿ ನಿಂತಿದ್ದ.

“ನಮ್ ಕಪ್ಪು ಕಣೋ. ನೀನೇನಾದ್ರೂ ತಗೊಂಡ್ಯಾ?”

“ನಾನ್ಯಾಕೆ ತಗೊಳ್ಳಿ? ರಾಜಲಕ್ಷ್ಮಮ್ಮ ಟೀ ಕೊಡಕ್ಕೆ ಕಪ್ ಸಾಲಲ್ಲ ಅಂತ ಒದ್ದಾಡ್ತಿದ್ರು. ಇಲ್ಲಿಂದ ಏನೋ ಎತ್ಕೊಂಡೋದ್ರು ನೋಡು.”

ರಾಜಲಕ್ಷ್ಮಮ್ಮ ಬಿಸಿಯೂಟ ಮಾಡುವವರು. ಬೆಳಿಗ್ಗೆ ಅವರೇ ಬಂದು, ಯಾರದಮ್ಮ ಇಷ್ಟು ಚೆಂದದ ಕಪ್ಪು ಅಂತ ವಿಚಾರಿಸಿದ್ದರು, ನಮ್ಮನೇದು ಅಂದಿದ್ದಳು ಮಣಿ. ಮಣಿ ಒಂದೇ ಉಸಿರಿಗೆ ಸ್ಟಾಫ್ ರೂಮಿನ ಕಿಟಕಿಗೆ ಓಡಿದಳು.

ಒಳಗೆ ಸಾಹೇಬರು ಕುರ್ಚಿಗೆ ಒರಗಿಕೊಂಡಿದ್ದರು. ಅವರ ಕೈಯಲ್ಲಿ ತಾತನ ಕಪ್ ಇತ್ತು. ಅವರು ಊದಿದರು, ಸೊರ್ ಅಂತ ಒಂದು ಗುಟುಕು ಕುಡಿದರು, ಮಿಸ್ ಹತ್ತಿರ ಏನೋ ಹೇಳಿ ನಕ್ಕರು, ಮತ್ತೆ ಕುಡಿದರು.

ಮನೆಯವರೇ ಬಾಯಿಡದ ಕಪ್ಪಿಗೆ ಯಾರೋ ಬಾಯಿಟ್ಟಾಯಿತು. ಒಳಗೆ ಹೋಗಿ, ಸಾರ್ ಅದು ಕುಡಿಯೋ ಕಪ್ಪಲ್ಲ ಅನ್ನಲೇ? ಅಂದರೆ ಮಿಸ್ ಏನು ಅಂತ ಕೇಳುತ್ತಾರೆ, ಒಂದು ಮಾತಿನ ಹಿಂದೆ ಇನ್ನೊಂದು ಮಾತು ಬಂದು, ಕೊನೆಗೆ ಕದ್ದು ತಂದದ್ದು ಬಯಲಾಗುತ್ತದೆ. ಅವಳು ಕಿಟಕಿಯ ಸರಳು ಹಿಡಿದು ನಿಂತೇ ಇದ್ದಳು.

ಟೀ ಮುಗಿಯಿತು. ರಾಜಲಕ್ಷ್ಮಮ್ಮ ದಡಬಡ ಬಂದು ಎಲ್ಲ ಕಪ್‌ಗಳನ್ನೂ ಬಾಚಿಕೊಂಡು ಅಡುಗೆ ಮನೆ ಹಿಂದಕ್ಕೆ ಹೋದರು. ಮಣಿಯೂ ಹಿಂದೆಯೇ ಹೋದಳು. ಅಲ್ಲಿ ಸೋಪಿನ ನೀರಿನ ದೊಡ್ಡ ಬೋಗುಣಿ ಇತ್ತು. ಸಾಹೇಬರದು, ಡ್ರೈವರದು, ಮೇಷ್ಟ್ರುಗಳದು, ಎಲ್ಲರ ಕಪ್ಪೂ ಅದರೊಳಗೆ ಬುಳುಬುಳು ಮುಳುಗಿದವು. ತಾತನ ಕಪ್ಪೂ ಮುಳುಗಿತು. ಶಾಲೆಯ ಕಪ್‌ಗಳೂ ಬಿಳಿಯವೇ. ನೊರೆಯೊಳಗೆ ಯಾವುದು ಯಾವುದೋ ಗೊತ್ತಾಗಲಿಲ್ಲ. ಕಟಕಟ ಅಂತ ಒಂದಕ್ಕೊಂದು ತಾಗುವ ಸದ್ದಿಗೆ ಮಣಿ ಕಣ್ಣು ಮುಚ್ಚಿಕೊಂಡಳು.

“ಅಮ್ಮಾ, ಅದು…” ಅಂದಳು. ದನಿ ಅವಳಿಗೇ ಕೇಳಿಸಲಿಲ್ಲ.

ಅಷ್ಟರಲ್ಲಿ ಶಿವಲಕ್ಷ್ಮಿ ಮಿಸ್, ಬಸ್ಸಿಗೆ ಹೊತ್ತಾಯಿತು, ಬೇಗ ಬೇಗ ಅಂತ ಕೂಗಿದರು. ರಾಜಲಕ್ಷ್ಮಮ್ಮ ತೊಳೆದ ಕಪ್‌ಗಳನ್ನು ಬುಟ್ಟಿಯಲ್ಲಿ ಬೋರಲು ಹಾಕಿ ಸ್ಟಾಫ್ ರೂಮಿನಲ್ಲಿಟ್ಟು ಬೀಗ ಹಾಕಿದರು. ಸಾಹೇಬರ ಜೀಪು ಹೋಯಿತು. ಮಿಸ್ ಹೋದರು. ಸೋಮವಾರದವರೆಗೆ ಆ ಬೀಗ ತೆಗೆಯುವವರಿಲ್ಲ.

ದಾರಿಯಲ್ಲಿ ಮುತ್ತುರಾಜು ಸುಮ್ಮನೆ ಬರಲಿಲ್ಲ. ಬೆಕ್ಕು ಬೀಳಿಸಿತು ಅಂತ ಹೇಳು ಅಂದ. ಬಿದ್ದ ಚೂರು ಎಲ್ಲಿ ಅಂತ ಅಜ್ಜಿ ಕೇಳುತ್ತಾಳಲ್ಲ ಅಂದಳು ಮಣಿ. ಹಾಗಾದರೆ ಕೋತಿ ಎತ್ಕೊಂಡು ಸಿದ್ದರಬೆಟ್ಟಕ್ಕೆ ಹೋಯ್ತು ಅನ್ನು ಅಂದ. ಬೇರೆ ದಿನವಾಗಿದ್ದರೆ ಮಣಿ ಬಿದ್ದು ಬಿದ್ದು ನಗುತ್ತಿದ್ದಳು. ಅವತ್ತು ಅವಳಿಗೆ ಅಳು ಬಂತು. ಅವನೂ ಪೆಚ್ಚಾಗಿ ಬಾಯಿ ಮುಚ್ಚಿಕೊಂಡ.

ಮನೆಯಲ್ಲಿ ಅಜ್ಜಿ ಜಗಲಿ ಮೇಲೆ ಹುಣಸೆಹಣ್ಣಿನ ಬೀಜ ತೆಗೆಯುತ್ತಾ ಕೂತಿದ್ದಳು. ಮಣಿ ತಲೆ ತಗ್ಗಿಸಿ ಒಳಗೆ ನುಸುಳಿದಳು. ಫೋಟೋ ಇಟ್ಟಲ್ಲೇ ಇತ್ತು. ಯಾರೂ ನೋಡಿಲ್ಲ. ಆದರೆ ಅದರಿಂದ ಭಯ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಅಜ್ಜಿ ನೀರು ಕುಡಿಯಲು ಎದ್ದರೂ ಮಣಿಗೆ ಗೂಡಿಗೇ ಹೊರಟಳು ಅನ್ನಿಸುತ್ತಿತ್ತು. ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟಳು. ಜ್ವರವಾ ಅಂತ ಅಮ್ಮ ಹಣೆ ಮುಟ್ಟಿ ನೋಡಿದಳು. ಜ್ವರವಾದರೂ ಬರಬಾರದಾ ಅಂತ ಮಣಿಗೆ ಅನ್ನಿಸಿತು. ರಾತ್ರಿ ಕಣ್ಣು ಮುಚ್ಚಿದರೆ ಬರೀ ನೊರೆ, ಕಟಕಟ ಸದ್ದು.

ಭಾನುವಾರ ಬೆಳಗಾಯಿತು. ಆಗಬಾರದಿತ್ತು, ಆಯಿತು.

ಪಾವಗಡದ ಸೋಲಾರ್ ಪಾರ್ಕಿನಲ್ಲಿ ಕೆಲಸ ಮಾಡುವ ಅಪ್ಪ ಭೀಮರಾಜು ಮೊದಲ ಬಸ್ಸಿಗೆ ಮನೆಗೆ ಬಂದಿದ್ದ. ಶಾಲೆಯ ಪ್ರದರ್ಶನ ಹೇಗಾಯಿತು ಅಂತ ಕೇಳಿದ. ಮಣಿ ಗೋಡೆ ನೋಡಿದಳು. ಅಜ್ಜಿ ಬಟ್ಟೆ ಒದ್ದೆ ಮಾಡಿಕೊಂಡು ನಡುಮನೆಗೆ ಬಂದಳು.

“ಈ ಪೋಟಾನ ಯಾರು ಇಲ್ಲಿಗೆ ಜರುಗ್ಸಿದ್ದು?” ಅನ್ನುತ್ತಾ ಕೈ ಚಾಚಿದಳು.

“ಅಜ್ಜೀ, ಅಲ್ಲಿ ಕಪ್ಪಿಲ್ಲ,” ಅಂದಳು ಮಣಿ. ಅಂದಮೇಲೆ ಕಟ್ಟೆ ಒಡೆದ ಹಾಗೆ ಅಳು ನುಗ್ಗಿಬಂತು. ಅಳುತ್ತಲೇ ಎಲ್ಲವನ್ನೂ ಹೇಳಿದಳು. ಲಂಗದಲ್ಲಿ ಸುತ್ತಿದ್ದು, ಮಿಸ್‌ಗೆ ಸುಳ್ಳು ಹೇಳಿದ್ದು, ಸಾಹೇಬರು ಅದರಲ್ಲಿ ಟೀ ಕುಡಿದದ್ದು.

ಅಪ್ಪನಿಗೆ ಸಿಟ್ಟು ಬಂತು. ನಮ್ಮಪ್ಪನಿಗೆ ಸರ್ಕಾರ ಕೊಟ್ಟ ಬಹುಮಾನ, ಅದನ್ನು ಟೀ ಕುಡಿಯೋ ಲೋಟ ಮಾಡಿದೆಯಲ್ಲ ಅಂತ ಗದರಿದ. ಅಜ್ಜಿ ಅವನಿಗೆ ಕೈ ಅಡ್ಡ ಹಿಡಿದಳು. ಅವಳ ಮುಖ ಬಿಗಿದುಕೊಂಡಿತ್ತು. ಮಣಿ ಎಂದೂ ನೋಡದ ಮುಖ ಅದು. ಇನ್ನು ಮಾತು ನಿಂತುಹೋಗುತ್ತದೆ ಅಂತ ಮಣಿ ಕಾದಳು.

ಅಜ್ಜಿ ಮಾತಾಡಿದಳು.

“ಅದು ಯಾರ ಮನೆ ಕಪ್ಪು ಅಂತ ಸಾಯೇಬ್ರಿಗೆ ಗೊತ್ತಿತ್ತಾ?”

“ಗೊತ್ತಿತ್ತು ಅಜ್ಜಿ. ಚೀಟಿ ಓದಿದ್ರು. ನಮ್ಮನೆ ಎಲ್ಲಿ ಅಂತಾನೂ ಕೇಳಿದ್ರು.”

“ರಾಜಲಕ್ಷ್ಮಮ್ಮಂಗೆ?”

“ಅವ್ರಿಗೂ ಗೊತ್ತು.”

“ಕುಡಿದ್ಮೇಲೆ ಯಾರು ತೊಳುದ್ರು?”

“ರಾಜಲಕ್ಷ್ಮಮ್ಮಾನೇ.”

“ಬ್ಯಾರೆ ಇಟ್ಟು ತೊಳುದ್ರಾ?”

ಮಣಿ ಬಿಕ್ಕಿದಳು. ಇದನ್ನೇ ಹೇಳಬಾರದು ಅಂದುಕೊಂಡಿದ್ದಳು.

“ಇಲ್ಲ ಅಜ್ಜಿ. ಎಲ್ಲಾರ್ ಕಪ್ ಜೊತೆ ಒಂದೇ ಬೋಗುಣೀಲಿ ಹಾಕ್ಬುಟ್ರು. ಎಲ್ಲಾ ಬೆರೆತೋಯ್ತು. ನಮ್ದು ಯಾವ್ದು ಅಂತಾನೇ ಗೊತ್ತಾಗ್ಲಿಲ್ಲ.”

ಅಜ್ಜಿ ಹಾಗೇ ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ಒದ್ದೆ ಬಟ್ಟೆ ಮಡಿಲಲ್ಲೇ ಇತ್ತು, ಸೀರೆ ನೆನೆಯುತ್ತಿತ್ತು. “ಒಂದೇ ಬೋಗುಣೀಲಿ,” ಅಂದಳು. ಮತ್ತೆ ಅದನ್ನೇ ಅಂದಳು. ಅವಳ ಕಣ್ಣಿಂದ ನೀರು ಇಳಿಯಿತು. ಅಜ್ಜಿ ಅಳುವುದನ್ನು ಅವಳು ನೋಡಿದ್ದೇ ಇಲ್ಲ.

“ಭೀಮಾ, ಅದು ಬಹುಮಾನ ಅಲ್ಲ ಕಣಪ್ಪ,” ಅಂದಳು ಅಜ್ಜಿ.

ಆಮೇಲೆ ನಿಧಾನವಾಗಿ ಹೇಳಿದಳು. ಎಕ್ಸ್‌ಚೇಂಜ್ ಶುರುವಾದ ದಿನ ದೊಡ್ಡ ಫಂಕ್ಷನ್ ಇತ್ತಂತೆ. ಹೊಸಾ ಕಪ್‌ಗಳಲ್ಲಿ ಎಲ್ಲರಿಗೂ ಟೀ ಕೊಟ್ಟರಂತೆ. ಹೊರಗಿನಿಂದ ಬಂದಿದ್ದ ಯಾರೋ ಆಫೀಸರು, ಗುಂಡಿ ತೋಡಿದವರು ನೀವೂ ಬನ್ನಿ ಅಂತ ತಾತನ ಕೈಗೂ ಒಂದು ಕಪ್ ಕೊಟ್ಟರಂತೆ. ಆ ಕಾಲದಲ್ಲಿ ಹೋಟೆಲಿನಲ್ಲಿ ಇವರ ಕೇರಿಯವರಿಗೆ ಒಳಗಿನ ಲೋಟ ಕೊಡುತ್ತಿರಲಿಲ್ಲ. ಹೊರಗೆ ಸೂರಿನ ಸಂದಿಯಲ್ಲಿ ಬೇರೆ ಲೋಟ ಇರುತ್ತಿತ್ತು. ಕುಡಿದು, ತಾವೇ ತೊಳೆದು, ಮತ್ತೆ ಅಲ್ಲೇ ಸಿಗಿಸಿ ಬರಬೇಕು.

“ಅಂಥಾದ್ರಲ್ಲಿ ಎಲ್ಲಾರ್ಗೂ ಕೊಟ್ಟ ಕಪ್ಪೇ ನಿಮ್ ತಾತಂಗೂ ಕೊಟ್ರು. ಕುಡುದ್ರು. ತೊಳೆಯೋಕೆ ಅಂತ ಎದ್ರೆ, ಊರಿನ ದೊಡ್ಡ ಮನುಸ್ರು ಒಬ್ರು ಬಂದು, ‘ತೊಳೀಬ್ಯಾಡ ಕಣ್ಲಾ ಹನುಮ, ನೀನೇ ಮನೇಗೆ ತಗೊಂಡೋಗು, ನಿಂಗೇ ಅದು’ ಅಂದ್ರಂತೆ. ನಿಮ್ ತಾತ ಕುಣ್ಕಂಡು ಬಂದ್ರು. ಸರ್ಕಾರ ನಂಗೆ ಬಹುಮಾನ ಕೊಡ್ತು ಅಂತ ಕೇರಿಗೆಲ್ಲ ತೋರ್ಸುದ್ರು.”

ಮಾರನೇ ದಿನ ಅಜ್ಜಿ ಎಕ್ಸ್‌ಚೇಂಜಿನ ಅಂಗಳ ಗುಡಿಸಲು ಹೋದಳಂತೆ. ಅಲ್ಲಿ ಮಿಕ್ಕ ಕಪ್‌ಗಳನ್ನೆಲ್ಲ ತೊಳೆದು ಸಾಲಾಗಿ ಇಟ್ಟಿದ್ದರಂತೆ. ಇವನ್ನು ಯಾರ್ಯಾರಿಗೆ ಬಹುಮಾನ ಕೊಡುತ್ತೀರಿ ಅಂತ ಕೇಳಿದಳಂತೆ. ಯಾರಿಗೂ ಇಲ್ಲ, ಇವೆಲ್ಲ ಆಫೀಸಿನವು ಅಂದರಂತೆ.

“ಆಗ ನಂಗೆ ತಿಳೀತು,” ಅಂದಳು ಅಜ್ಜಿ. “ನಿಮ್ ತಾತ ಕುಡುದ್ ಕಪ್ಪು ಮಿಕ್ಕಿದ್ರ ಜೊತೆ ಸೇರ್ಬಾರ್ದು ಅಂತ ಮನೇಗೆ ಕಳ್ಸಿದ್ದು.”

“ತಾತಂಗೆ ಹೇಳಿದ್ಯಾ?” ಮಣಿ ಕೇಳಿದಳು.

“ಹೆಂಗೆ ಹೇಳ್ಲಿ ಮಗ? ಅಷ್ಟು ಖುಷಿಯಾಗಿದ್ರು. ಸಾಯೋಗಂಟ ಹೇಳ್ನಿಲ್ಲ. ಅದ್ರಲ್ಲಿ ಕುಡಿಯೋಕೆ ನಂಗೆ ಮನಸ್ಸಾಗ್ನಿಲ್ಲ. ಬಿಸಾಕೋಕೂ ಆಗ್ನಿಲ್ಲ.”

ಅಪ್ಪ ಬಾಗಿಲಿನ ಹತ್ತಿರ ಹೋಗಿ ಬೀದಿ ನೋಡುತ್ತಾ ನಿಂತ. ಅಮ್ಮ ಶ್ರೀಲತಾ ಒಲೆಯ ಮೇಲಿನ ಹಾಲು ಉಕ್ಕಿದ್ದನ್ನೂ ನೋಡಲಿಲ್ಲ. ಮಣಿ ಅಜ್ಜಿಯ ಮಡಿಲಿನ ಒದ್ದೆ ಬಟ್ಟೆ ತೆಗೆದು ಪಕ್ಕಕ್ಕಿಟ್ಟು ಅವಳಿಗೆ ಅಂಟಿಕೊಂಡು ಕೂತಳು.

ಸೋಮವಾರ ಅಜ್ಜಿ ಒಗೆದ ಸೀರೆ ಉಟ್ಟು ಮಣಿಯ ಜೊತೆ ಶಾಲೆಗೆ ಹೊರಟಳು. ಮಣಿಗೆ ಮತ್ತೆ ಪುಕುಪುಕು. ಮಿಸ್ ಹತ್ತಿರ ಮೊದಲು ತಾನೇ ಹೋಗಿ, ಸುಳ್ಳು ಹೇಳಿದ್ದೆ ಅಂತ ಒಪ್ಪಿಕೊಂಡಳು. ಮಿಸ್ ಬೈದರು. ಬೈದದ್ದು ಸರಿಯಾಗಿಯೇ ಇತ್ತು. ಆಮೇಲೆ ಅಜ್ಜಿಯೂ ಮಣಿಯೂ ಅಡುಗೆ ಮನೆಗೆ ಹೋದರು.

ರಾಜಲಕ್ಷ್ಮಮ್ಮ ಹುರುಳಿಕಾಯಿ ಹೆಚ್ಚುತ್ತಿದ್ದರು. ಅಜ್ಜಿಯನ್ನು ಕಂಡು ಅವರಿಗೂ ಗಾಬರಿಯಾಯಿತು. ಕಪ್ ಸಾಲಲಿಲ್ಲ, ಅವಸರದಲ್ಲಿ ಕೇಳದೆ ತೆಗೆದುಕೊಂಡೆ, ಬೇಜಾರಾಗಬೇಡಿ ಅನ್ನುತ್ತಾ ಎದ್ದು, ಬೆಳಿಗ್ಗೆ ಸ್ಟಾಫ್ ರೂಮಿನಿಂದ ತಂದಿಟ್ಟಿದ್ದ ಬುಟ್ಟಿಯಿಂದ ಕಪ್ಪನ್ನು ತೆಗೆದು ಚಾಚಿದರು. ಒಂದು ಗೀರೂ ಬಿದ್ದಿರಲಿಲ್ಲ.

ಅಜ್ಜಿ ಅದನ್ನು ನೋಡಿದಳು. ತೆಗೆದುಕೊಳ್ಳಲಿಲ್ಲ.

“ಇಲ್ಲೇ ಇರ್ಲಿ ಬುಡವ್ವ. ಇವುಗಳ್ ಜೊತೇಲಿ.”

“ಅಯ್ಯೋ, ಇಲ್ಲಿ ದಿನಾ ಟೀಗೆ ತಗೋತಾರೆ. ಒಡೆದೋದ್ರೆ?”

“ಒಡುದ್ರೆ ಒಡೀಲಿ. ಕಪ್ಪು ಅಂದ್ಮೇಲೆ ಒಡೀತದೆ.”

ರಾಜಲಕ್ಷ್ಮಮ್ಮನಿಗೆ ಏನೂ ಅರ್ಥವಾಗಲಿಲ್ಲ. ಕೂತ್ಕೊಳ್ಳಿ, ಟೀ ಕುಡ್ಕೊಂಡು ಹೋಗಿ ಅಂದರು. ಕೈಗೆ ಸಿಕ್ಕ ಯಾವುದೋ ಕಪ್ಪಿಗೆ ಟೀ ಸುರಿದು ಕೊಟ್ಟರು. ಅಜ್ಜಿ ಮೆಟ್ಟಿಲ ಮೇಲೆ ಕೂತು, ಅವಸರವಿಲ್ಲದೆ, ಪೂರ್ತಿ ಕುಡಿದಳು.

ಕುಡಿದು ಮುಗಿಸಿ ಕಪ್ ಹಿಡಿದುಕೊಂಡೇ ಎದ್ದಳು. ಅವಳ ಕಣ್ಣು ಅಂಗಳದಲ್ಲಿ ನಲ್ಲಿ ಎಲ್ಲಿದೆ ಅಂತ ಹುಡುಕುತ್ತಿತ್ತು. ಯಾಕೆ ಹುಡುಕುತ್ತಿದೆ ಅಂತ ಮಣಿಗೆ ಗೊತ್ತಾಯಿತು.

ರಾಜಲಕ್ಷ್ಮಮ್ಮ ಆ ಕಡೆ ಸರಿಯಾಗಿ ನೋಡಲೂ ಇಲ್ಲ. ಅಜ್ಜಿಯ ಕೈಯಿಂದ ಕಪ್ ತೆಗೆದುಕೊಂಡು ಬೋಗುಣಿಯೊಳಗೆ ಬಿಟ್ಟು, ಮತ್ತೆ ಹುರುಳಿಕಾಯಿ ಹೆಚ್ಚಲು ಕೂತರು.

ಅಜ್ಜಿಯ ಕೈ ಸ್ವಲ್ಪ ಹೊತ್ತು ಹಾಗೇ ನಿಂತಿತ್ತು. ಮಣಿ ಆ ಕೈ ಹಿಡಿದುಕೊಂಡಳು. ಟೀ ಕಪ್ಪಿನ ಬಿಸಿ ಅದರಲ್ಲಿ ಇನ್ನೂ ಇತ್ತು. ಇಬ್ಬರೂ ಗೇಟಿನವರೆಗೆ ನಡೆದರು.

ಪ್ರಾರ್ಥನೆಯ ಗಂಟೆ ಹೊಡೆಯಿತು. ಮಣಿ ವಾಪಸು ಬರುವಾಗ ಅಡುಗೆ ಮನೆಯ ಬಾಗಿಲಲ್ಲಿ ಬುಟ್ಟಿ ಕಾಣಿಸಿತು. ಆಗಷ್ಟೇ ತೊಳೆದಿಟ್ಟ ಕಪ್‌ಗಳು ಬೋರಲಾಗಿದ್ದವು, ಎಲ್ಲವೂ ಬಿಳಿ, ಎಲ್ಲವೂ ಒದ್ದೆ. ಅಷ್ಟು ದೂರದಿಂದ ತಾತನದು ಯಾವುದು ಅಂತ ತಿಳಿಯಲಿಲ್ಲ. ಮಣಿ ಹತ್ತಿರ ಹೋಗಿ ನೋಡಲಿಲ್ಲ. ಸಾಲಿನಲ್ಲಿ ತನ್ನ ಜಾಗಕ್ಕೆ ಓಡಿದಳು.